ಬೆಂಕಿಯಿಲ್ಲದೆ ಬಿಡಿಸುವ ಯಂತ್ರ

ತರ್ಕಶಾಸ್ತ್ರದ ಆರಂಭದ ಪಾಠಗಳಲ್ಲಿಯೇ 24 ಗುಣಗಳ ಗಣನೆ ಬರುತ್ತದೆ. ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಓದಿದವರಿಗೆ ಆ ಪಟ್ಟಿಯಲ್ಲಿ ‘ಸಂಯೋಗ’ ಮತ್ತು ‘ವಿಭಾಗ’ ಎಂಬ ಎರಡು ಗುಣಗಳು ಅಕ್ಕಪಕ್ಕದಲ್ಲಿಯೇ ಇರುವುದು ನೆನಪಿದ್ದೀತು. ಬೇರೆ ಬೇರೆಯಾಗಿದ್ದ ವಸ್ತುಗಳು ಒಂದನ್ನೊಂದು ಸೇರುವುದು ಸಂಯೋಗ. ಸೇರಿದ್ದವು ಅಗಲುವುದು ವಿಭಾಗ. ಶಾಸ್ತ್ರಕಾರರು ಎರಡಕ್ಕೂ ಸಮಾನವಾದ ಸ್ಥಾನವನ್ನಿತ್ತರು. ನಮ್ಮ ಕಾಲದ ಯಂತ್ರಲೋಕವಾದರೋ ಕೂಡಿಸುವ ವಿದ್ಯೆಯನ್ನು ಬೆಳೆಸಿದಷ್ಟು ಬಿಡಿಸುವ ವಿದ್ಯೆಯನ್ನು ಬೆಳೆಸಲಿಲ್ಲ. ಕೂಡಿಸಿದ್ದನ್ನು ಸರಿಯಾಗಿ ಬಿಡಿಸಲು ಬಾರದಿದ್ದಾಗ ಮನುಷ್ಯನು ಕೊನೆಗೆ ಬೆಂಕಿಯ ಮೊರೆ ಹೋಗುತ್ತಾನೆ. ಆ ಬೆಂಕಿಯ ಹೊಗೆ ಯಾರ ಮನೆಯ ಅಂಗಳವನ್ನು ಸೇರುತ್ತದೆ, ಯಾರ ಮಕ್ಕಳ ಎದೆಯನ್ನು ಹೊಗುತ್ತದೆ ಎಂಬುದು ಈ ಲೇಖನದ ಚಿಂತನೆ.

ವಿಷಯವು ಮೇಲ್ನೋಟಕ್ಕೆ ಅತಿ ಸಣ್ಣದು. ರಬ್ಬರಿನ ಹೋಸ್ ಪೈಪುಗಳ ತುದಿಗೆ ಲೋಹದ ಜೋಡಣೆಗಳಿರುತ್ತವೆ. ಕಾರ್ಖಾನೆಯವರೂ ಮೆಕ್ಯಾನಿಕರೂ ಇವನ್ನು ‘ಫಿಟಿಂಗು’ ಎನ್ನುತ್ತಾರೆ. ಪೈಪು ಹಳತಾಗಿ ಗುಜರಿಗೆ ಬಂದಾಗ ರಬ್ಬರನ್ನೂ ಲೋಹವನ್ನೂ ಬೇರ್ಪಡಿಸಬೇಕು. ಈ ಕೆಲಸಕ್ಕೆಂದೇ ಇರುವ ಯಂತ್ರದ ವಿಚಾರವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ. ಇಂಥ ವಿಷಯವು ಕುಟುಂಬಗಳ ಪತ್ರಿಕೆಗೆ ಏಕೆ ಎಂದು ವಾಚಕರು ಕೇಳಬಹುದು. ಲೇಖನದ ಕೊನೆಯನ್ನು ಮುಟ್ಟುವ ವೇಳೆಗೆ ಆ ಪ್ರಶ್ನೆಗೆ ಉತ್ತರ ದೊರೆಯುವುದೆಂದು ನಂಬಿದ್ದೇವೆ.

ಕೊಳವೆ ಬೆಳೆದು ಬಂದ ಬಗೆ

ಬಾಗುವ ಕೊಳವೆಯ ಕಥೆ ಬೆಂಕಿ ನಂದಿಸುವ ಪ್ರಯತ್ನದಿಂದಲೇ ಆರಂಭವಾದುದು ಸೋಜಿಗದ ಸಂಗತಿ. ಹಾಲೆಂಡಿನ ಆಮ್‌ಸ್ಟರ್‌ಡ್ಯಾಂ ನಗರದಲ್ಲಿ ಯಾನ್ ವಾನ್ ಡರ್ ಹೈಡನ್ ಎಂಬ ಚಿತ್ರಕಾರನಿದ್ದನು. ನಗರದ ಬೀದಿಗಳನ್ನೂ ಕಟ್ಟಡಗಳನ್ನೂ ಚಿತ್ರಿಸುವುದರಲ್ಲಿ ಆತನು ನಿಪುಣ. 1672ರ ಸುಮಾರಿಗೆ ಆತನೂ ಆತನ ಸಹೋದರನೂ ಸೇರಿ ಚರ್ಮವನ್ನು ಹೊಲಿದು ಕೊಳವೆ ಮಾಡಿ, ತುಂಡು ತುಂಡುಗಳ ನಡುವೆ ಹಿತ್ತಾಳೆಯ ಜೋಡಣೆಗಳನ್ನಿಟ್ಟು, ನೀರನ್ನು ಬೆಂಕಿಯ ಬಳಿಗೇ ಒಯ್ಯುವ ಉಪಾಯವನ್ನು ಕಂಡುಹಿಡಿದರು. 1690ರಲ್ಲಿ ಆತನು ತನ್ನ ಅಗ್ನಿಶಾಮಕ ಯಂತ್ರದ ಬಗ್ಗೆ ಸಚಿತ್ರ ಗ್ರಂಥವೊಂದನ್ನೂ ಪ್ರಕಟಿಸಿದನು. ಮೆತ್ತನೆಯ ಕೊಳವೆ, ಗಟ್ಟಿಯಾದ ಲೋಹದ ತುದಿ ಎಂಬ ಜೋಡಿ ಅಂದಿನಿಂದ ಇಂದಿನವರೆಗೆ ಬೇರೆಯಾಗಿಲ್ಲ.

ಮುಂದೆ 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರನು ರಬ್ಬರಿಗೆ ಗಂಧಕವನ್ನು ಬೆರೆಸಿ ಕಾಸಿದರೆ ಅದು ಬಿಸಿಲಿಗೆ ಅಂಟಾಗದೆ, ಚಳಿಗೆ ಬಿರುಸಾಗದೆ ಉಳಿಯುವುದನ್ನು ಕಂಡುಕೊಂಡನು. ಚರ್ಮದ ಸ್ಥಾನವನ್ನು ರಬ್ಬರು ಆಕ್ರಮಿಸಿತು. ಈ ಗಂಧಕದ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೊಗೆಯ ಪ್ರಸ್ತಾಪ ಬಂದಾಗ ಅದು ಮತ್ತೆ ಬರಲಿದೆ.

ಕೂಡಿಸುವ ವಿದ್ಯೆಗೆ ಲೋಕವು ಎಷ್ಟು ಬೆಲೆ ತೆತ್ತಿತೆಂಬುದಕ್ಕೆ 1904ರ ಫೆಬ್ರವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರವನ್ನು ಸುಟ್ಟ ಮಹಾಗ್ನಿಯೇ ಸಾಕ್ಷಿ. ನೆರೆಯ ನಗರಗಳಿಂದ ಅಗ್ನಿಶಾಮಕ ದಳಗಳು ಧಾವಿಸಿ ಬಂದವು. ಆದರೆ ಅವುಗಳ ಪೈಪಿನ ತುದಿಗಳ ಮರೆ ಬಾಲ್ಟಿಮೋರಿನ ನೀರಿನ ಕಂಬಗಳಿಗೆ ಹೊಂದಲಿಲ್ಲ. ನೀರಿದ್ದೂ, ಪೈಪಿದ್ದೂ, ಜನರಿದ್ದೂ ನಗರದ 1,500ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಆ ಪೆಟ್ಟಿನ ತರುವಾಯ ಜೋಡಣೆಗಳಿಗೆ ರಾಷ್ಟ್ರೀಯ ಮಾನಕವನ್ನು ನಿಗದಿಮಾಡುವ ಪ್ರಯತ್ನ ಚುರುಕಾಯಿತು. ನಮ್ಮ ದೇಶದಲ್ಲಿಯೂ ಅಗ್ನಿಶಾಮಕ ಪೈಪುಗಳ ಜೋಡಣೆಗಳಿಗೆ ಭಾರತೀಯ ಮಾನಕವಿದೆ. ಹೀಗೆ ಸಂಯೋಗಕ್ಕೆ ನಿಯಮಗಳು ಬಂದವು. ವಿಭಾಗದ ಕಡೆಗೆ ಅಷ್ಟು ಗಮನ ಹರಿಯಲಿಲ್ಲ.

ಬಿಚ್ಚಿಕೊಳ್ಳದ ಹಾಗೆ ಮಾಡಿದ ಬಂಧ

ಇಂದು ಗುಜರಿಗೆ ಬರುವ ಪೈಪುಗಳಲ್ಲಿ ಬಿಡಿಸಲು ಅತ್ಯಂತ ಕಷ್ಟವಾದುದು ಹೈಡ್ರಾಲಿಕ್ ಪೈಪು. ಮಣ್ಣು ಅಗೆಯುವ ಯಂತ್ರವನ್ನು ನಮ್ಮ ಹಳ್ಳಿಗಳಲ್ಲಿ ಯಾವ ಕಂಪನಿಯದಾದರೂ ‘ಜೆಸಿಬಿ’ ಎಂದೇ ಕರೆಯುತ್ತಾರೆ. ಅದರ ತೋಳು ಎತ್ತುವುದು, ಬಕೆಟ್ಟು ಮಗುಚುವುದು ಎಲ್ಲವೂ ಎಣ್ಣೆಯ ಒತ್ತಡದಿಂದ. ಕಬ್ಬು ಕಟಾವು ಮಾಡುವ ಯಂತ್ರ, ಟ್ರ್ಯಾಕ್ಟರಿನ ಟ್ರೇಲರು, ಟಿಪ್ಪರ್ ಲಾರಿ ಇವೆಲ್ಲವೂ ಅದೇ ಬಗೆಯವು. ಕಾರಿನ ಟಯರಿನೊಳಗಿನ ಗಾಳಿಯ ಒತ್ತಡ ಎರಡು ಬಾರ್‌ಗಿಂತ ತುಸು ಹೆಚ್ಚು. ಮಣ್ಣು ಅಗೆಯುವ ದೊಡ್ಡ ಯಂತ್ರದ ಪೈಪಿನಲ್ಲಿ ಎಣ್ಣೆಯು 300 ಬಾರ್‌ಗೂ ಮೀರಿ ಒತ್ತುವುದುಂಟು. ಅಂಥ ಒತ್ತಡದಲ್ಲಿಯೂ ತುದಿ ಕಳಚದಂತಿರಬೇಕು.

ಅದಕ್ಕಾಗಿ ಪೈಪನ್ನು ಪದರ ಪದರವಾಗಿ ಕಟ್ಟುತ್ತಾರೆ. ಒಳಗೆ ಎಣ್ಣೆಗೆ ಕರಗದ ನೈಟ್ರೈಲ್ ರಬ್ಬರು. ಅದರ ಮೇಲೆ ಬಿಗಿಯಾಗಿ ಹೆಣೆದ ಅಥವಾ ಸುರುಳಿ ಸುತ್ತಿದ ಉಕ್ಕಿನ ತಂತಿ. ಎಲ್ಲಕ್ಕೂ ಹೊರಗೆ ಬಿಸಿಲು ಮಳೆಗಳನ್ನು ತಾಳಿಕೊಳ್ಳುವ ನಿಯೋಪ್ರೀನ್ ಮೊದಲಾದ ರಬ್ಬರಿನ ಹೊದಿಕೆ. ತುದಿಯಲ್ಲಿ ಲೋಹದ ಎರಡು ಭಾಗಗಳಿವೆ. ಒಂದು, ಪೈಪಿನ ಒಳಗೆ ತೂರುವ ಗೀರುಗೀರಾದ ನಳಿಗೆ. ಇನ್ನೊಂದು, ಹೊರಗಿನಿಂದ ತೊಡಿಸುವ ‘ಫೆರೂಲ್’ ಎಂಬ ಉಕ್ಕಿನ ಬಳೆ. ಈ ಬಳೆಯ ಒಳಮೈಗೆ ಹಲ್ಲುಗಳಿರುತ್ತವೆ. ‘ಕ್ರಿಂಪಿಂಗ್’ ಯಂತ್ರದಲ್ಲಿಟ್ಟು ಸುತ್ತಲಿಂದ ಏಕಕಾಲಕ್ಕೆ ಅದುಮಿದರೆ ಬಳೆ ಕಿರಿದಾಗಿ, ಅದರ ಹಲ್ಲುಗಳು ತಂತಿಯ ಹೆಣಿಗೆಯನ್ನು ಕಚ್ಚಿ ಹಿಡಿಯುತ್ತವೆ. ನಡುವೆ ಸಿಕ್ಕಿದ ರಬ್ಬರು ಅತ್ತ ನಳಿಗೆಗೂ ಇತ್ತ ಬಳೆಗೂ ಒತ್ತಿಕೊಳ್ಳುತ್ತದೆ. ಲೋಹವು ಒಮ್ಮೆ ಹೀಗೆ ರೂಪಗೆಟ್ಟಿತೆಂದರೆ ಹಿಂದಿನ ಆಕಾರಕ್ಕೆ ಮರಳುವುದಿಲ್ಲ. ಮರೆ ತಿರುಗಿಸಿ ಬಿಚ್ಚುವ ಗಂಟಲ್ಲ ಇದು. ಬಿಚ್ಚಬಾರದೆಂದೇ ಹಾಕಿದ ಗಂಟು.

ಗುಜರಿಯಂಗಡಿಯ ಬೆಂಕಿ

ಈ ಗಂಟನ್ನು ಗುಜರಿಯವನು ಹೇಗೆ ಬಿಡಿಸಬೇಕು? ಹ್ಯಾಕ್ಸಾ ಗರಗಸದಿಂದ ಒಂದೊಂದು ಬಳೆಯನ್ನು ಸೀಳುವುದೆಂದರೆ ಬಹಳ ಹೊತ್ತಿನ ಕೆಲಸ. ಉಕ್ಕಿನ ತಂತಿ ಗರಗಸದ ಹಲ್ಲನ್ನೂ ಮೊಂಡಾಗಿಸುತ್ತದೆ. ರಬ್ಬರು ಅಂಟಿದ ಲೋಹಕ್ಕೆ ಬೆಲೆ ಕಡಿಮೆ. ಆಗ ತೋಚುವ ಸುಲಭದ ಹಾದಿಯೆಂದರೆ ಊರ ಹೊರಗೆ ರಾಶಿ ಹಾಕಿ ಬೆಂಕಿಯಿಕ್ಕುವುದು. ರಬ್ಬರು ಉರಿದು ಹೋಗುತ್ತದೆ, ಬೂದಿಯಲ್ಲಿ ಲೋಹ ಉಳಿಯುತ್ತದೆ. ಖರ್ಚು ಒಂದು ಬೆಂಕಿಕಡ್ಡಿ ಮಾತ್ರ.

ಆ ಕಡ್ಡಿಯ ನಿಜವಾದ ಬೆಲೆಯನ್ನು ತೆರುವವರು ಬೇರೆಯವರು. ರಬ್ಬರಿಗೆ ಬಲ ಕೊಟ್ಟ ಗಂಧಕವೇ ಉರಿಯುವಾಗ ಗಂಧಕದ ಡೈಆಕ್ಸೈಡ್ ಆಗಿ ಕಣ್ಣು ಗಂಟಲುಗಳನ್ನು ಉರಿಸುತ್ತದೆ. ನೈಟ್ರೈಲ್ ರಬ್ಬರಿನಲ್ಲಿ ಸಾರಜನಕವಿರುವುದರಿಂದ ಅದರ ಹೊಗೆಯಲ್ಲಿ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ನಿಯೋಪ್ರೀನಿನಲ್ಲಿಯೂ ಪಿವಿಸಿ ಪೈಪಿನಲ್ಲಿಯೂ ಕ್ಲೋರಿನ್ ಇದೆ. ಅದು ಹೈಡ್ರೋಜನ್ ಕ್ಲೋರೈಡ್ ಆಗಿ, ತೇವವಿದ್ದಲ್ಲಿ ಆಮ್ಲವಾಗಿ ಪರಿಣಮಿಸುತ್ತದೆ. ಕಡಿಮೆ ಶಾಖದ ಹೊಗೆಬೆಂಕಿಯಲ್ಲಿ ಡಯಾಕ್ಸಿನ್ನುಗಳೆಂಬ ದೀರ್ಘಕಾಲ ಉಳಿಯುವ ವಿಷಗಳೂ ಉಂಟಾಗುತ್ತವೆ. ಮಣ್ಣಿಗೆ ಬಿದ್ದ ಅವು ಮೇವಿನ ಮೂಲಕ ದನಗಳ ಹಾಲಿನ ಕೊಬ್ಬನ್ನು ಸೇರಬಲ್ಲವು. ಫಿಟಿಂಗುಗಳಿಗೆ ತುಕ್ಕು ಹಿಡಿಯದಿರಲೆಂದು ಲೇಪಿಸಿದ ಸತುವೂ ನಿರುಪದ್ರವಿಯಲ್ಲ. ಕಾವು 907 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸತು ಕುದಿದು ಆವಿಯಾಗುತ್ತದೆ. ಅದರ ಬಿಳಿಯ ಧೂಮವನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುವುದುಂಟು.

ಲಾಭವಾದರೂ ಪೂರ್ಣವೇ ಎಂದರೆ ಅದೂ ಅಲ್ಲ. ಸುಟ್ಟ ಲೋಹದ ಮೇಲೆ ಮಸಿಯೂ ತುಕ್ಕಿನ ಹೊಪ್ಪಳೆಯೂ ನಿಲ್ಲುತ್ತವೆ. ಅಷ್ಟರಮಟ್ಟಿಗೆ ತೂಕ ನಷ್ಟ. ಹಾಗೆಂದು ರಬ್ಬರು ಅಂಟಿದ ಹಾಗೆಯೇ ಉಕ್ಕನ್ನು ಕುಲುಮೆಗೆ ಹಾಕಿದರೆ ಗಂಧಕವು ಕರಗಿದ ಲೋಹವನ್ನು ಸೇರುತ್ತದೆ. ಗಂಧಕ ಹೆಚ್ಚಾದ ಉಕ್ಕು ಕಾಯಿಸಿ ಬಡಿಯುವಾಗ ಬಿರುಕು ಬಿಡುತ್ತದೆಂಬುದು ಕಮ್ಮಾರರಿಗೂ ಎರಕದವರಿಗೂ ತಿಳಿದ ಸಂಗತಿ. ಆದುದರಿಂದಲೇ ಒಳ್ಳೆಯ ಎರಕಶಾಲೆಗಳು ಶುದ್ಧವಾದ ಗುಜರಿಯನ್ನೇ ಕೇಳುತ್ತವೆ.

ಕಾನೂನು ಕೂಡ ಸುಮ್ಮನೆ ಕುಳಿತಿಲ್ಲ. 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ತ್ಯಾಜ್ಯವನ್ನು ಬಯಲಿನಲ್ಲಿ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿತು. ಸಣ್ಣ ಪ್ರಮಾಣದಲ್ಲಿ ಸುಟ್ಟವರು 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟವರು 25,000 ರೂಪಾಯಿ ತೆರಬೇಕೆಂದು ಆಜ್ಞಾಪಿಸಿತು. ಆದರೆ ದಂಡವೊಂದರಿಂದಲೇ ಬೆಂಕಿ ಆರುವುದಿಲ್ಲ. ಸುಡಬೇಡ ಎನ್ನುವವರು ಮತ್ತೇನು ಮಾಡಬೇಕೆಂಬುದನ್ನೂ ತೋರಿಸಿಕೊಡಬೇಕು. ಆ ಉತ್ತರವೇ ಈ ಯಂತ್ರ.

ಯಂತ್ರದ ಸ್ವರೂಪ

1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬಾತನು ದ್ರವದ ಒತ್ತಡದಿಂದ ನಡೆಯುವ ಪ್ರೆಸ್ಸಿಗೆ ಹಕ್ಕುಪತ್ರ ಪಡೆದನು. ಮುಚ್ಚಿದ ಪಾತ್ರೆಯಲ್ಲಿಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ತತ್ತ್ವವೇ ಅದಕ್ಕೆ ಆಧಾರ. ಫಿಟಿಂಗು ಬಿಡಿಸುವ ಯಂತ್ರಗಳಲ್ಲಿ ಬಹುಪಾಲು ಅದೇ ವಂಶದವು. ಲೆಕ್ಕ ಸರಳ. 10 ಸೆಂಟಿಮೀಟರ್ ವ್ಯಾಸದ ಸಿಲಿಂಡರಿನೊಳಗಿನ ಪಿಸ್ಟನ್ನಿಗೆ ಸುಮಾರು 78 ಚದರ ಸೆಂಟಿಮೀಟರಿನಷ್ಟು ಮುಖವಿರುತ್ತದೆ. ಅದರ ಮೇಲೆ 200 ಬಾರ್ ಒತ್ತಡದ ಎಣ್ಣೆ ಬಿದ್ದರೆ ಸುಮಾರು 16 ಟನ್ ಭಾರದಷ್ಟು ಬಲ ದೊರೆಯುತ್ತದೆ. ಒಬ್ಬನು ಬೆವರಿಳಿಸಿ ಕೊಯ್ಯಬೇಕಾದುದನ್ನು ಈ ಬಲ ಕೆಲವೇ ಸೆಕೆಂಡುಗಳಲ್ಲಿ ಮುಗಿಸುತ್ತದೆ.

ಕೆಲಸದ ಕ್ರಮ ಹೀಗೆ. ಮೊದಲು ಪೈಪಿನಲ್ಲಿ ಉಳಿದ ಎಣ್ಣೆಯನ್ನು ಡಬ್ಬಿಗೆ ಬಸಿಯುತ್ತಾರೆ. ಅನಂತರ ಕತ್ತರಿಸುವ ಯಂತ್ರದಲ್ಲಿ ಫಿಟಿಂಗಿನ ಬುಡಕ್ಕೆ ಪೈಪನ್ನು ತುಂಡರಿಸುತ್ತಾರೆ. ಈಗ ಗೇಣುದ್ದಕ್ಕೂ ಕಡಿಮೆಯಾದ ಮೋಟು ಉಳಿಯಿತು. ಈ ಮೋಟನ್ನು ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದ ತಗ್ಗಿರುವ ಉಕ್ಕಿನ ಹಾಸಿನ ಮೇಲೆ ಮಲಗಿಸುತ್ತಾರೆ. ಮೇಲಿನಿಂದ ಉಳಿಯಂಥ ಗಡುಸಾದ ಅಲಗು ಇಳಿದು ಬಳೆಯನ್ನು ಉದ್ದಕ್ಕೆ ಸೀಳುತ್ತದೆ. ಬೇಕಾದರೆ ಹೊರಳಿಸಿ ಎದುರುಬದಿಗೂ ಒಂದು ಸೀಳು. ಹಲಸಿನ ತೊಳೆಯಿಂದ ಬೀಜ ಜಾರಿದಂತೆ ಬಳೆಯ ಹಿಡಿತ ಸಡಿಲಗೊಂಡು ರಬ್ಬರಿನ ಚೂರು, ತಂತಿ, ನಳಿಗೆ ಮೂರೂ ಬೇರೆಯಾಗುತ್ತವೆ. ಅಲಗು ನಳಿಗೆಯನ್ನು ಮುಟ್ಟುವ ಮುನ್ನವೇ ನಿಲ್ಲುವಂತೆ ಅದರ ಇಳಿತವನ್ನು ಮೊದಲೇ ಗೊತ್ತುಮಾಡಿರುತ್ತಾರೆ.

ಇನ್ನೊಂದು ಬಗೆಯ ಯಂತ್ರ ಸೀಳುವುದಿಲ್ಲ, ಎಳೆಯುತ್ತದೆ. ಕವಲಿನಂಥ ಕಚ್ಚು ಬಳೆಯ ಅಂಚನ್ನು ತಡೆದು ಹಿಡಿಯುತ್ತದೆ. ಪಿಸ್ಟನ್ನು ಪೈಪಿನ ಮೋಟನ್ನು ಹಿಂದಕ್ಕೆ ಜಗ್ಗುತ್ತದೆ. ಹಗುರವಾಗಿ ಅದುಮಿದ ಹಿತ್ತಾಳೆಯ ತುದಿಗಳಿಗೆ, ನೀರಿನ ಮತ್ತು ಗಾಳಿಯ ಪೈಪುಗಳಿಗೆ ಇದು ತಕ್ಕದ್ದು. ರಾಶಿ ದೊಡ್ಡದಿರುವಲ್ಲಿ ಪೈಪುಗಳನ್ನು ಪುಡಿಮಾಡುವ ಭಾರಿ ಯಂತ್ರವಿಟ್ಟು, ಅಯಸ್ಕಾಂತದಿಂದ ಉಕ್ಕನ್ನು ಆರಿಸುತ್ತಾರೆ. ಅಲ್ಲಿಯೂ ಫಿಟಿಂಗುಗಳನ್ನು ಮುಂಚೆಯೇ ತೆಗೆಯುವುದು ಲೇಸು. ಇಲ್ಲವಾದರೆ ಗಟ್ಟಿ ಲೋಹಕ್ಕೆ ಸಿಕ್ಕಿ ಪುಡಿಮಾಡುವ ಯಂತ್ರದ ಅಲಗುಗಳೇ ಮುರಿಯುತ್ತವೆ.

ಬಿಡಿಸಿದ ಮೇಲೆ ಒಂದೊಂದಕ್ಕೂ ಅದರದರ ದಾರಿಯುಂಟು. ಉಕ್ಕು ಎರಕಶಾಲೆಗಳ ಕಡೆಗೆ ಹೋಗುತ್ತದೆ. ನಮ್ಮ ನಾಡಿನಲ್ಲಿ ಬೆಳಗಾವಿಯ ಉದ್ಯಮಬಾಗವು ಎರಕಶಾಲೆಗಳಿಗೆ ಹೆಸರಾದುದು; ಹೈಡ್ರಾಲಿಕ್ ಉಪಕರಣಗಳ ತಯಾರಿಕೆಯಲ್ಲಿಯೂ ಬೆಳಗಾವಿ ಹೆಸರು ಗಳಿಸಿದೆ. ಹಿತ್ತಾಳೆಗೆ ಬೆಲೆ ಹೆಚ್ಚು. ಗುಜರಾತಿನ ಜಾಮ್‌ನಗರದಲ್ಲಿ ಹಿತ್ತಾಳೆಯ ಬಿಡಿಭಾಗಗಳನ್ನು ತಯಾರಿಸುವ ದೊಡ್ಡ ಉದ್ಯಮವೇ ಹಳೆಯ ಹಿತ್ತಾಳೆಯನ್ನು ಕರಗಿಸಿ ನಡೆಯುತ್ತದೆ. ಬಸಿದ ಎಣ್ಣೆಯನ್ನು ಮೋರಿಗೆ ಚೆಲ್ಲುವಂತಿಲ್ಲ. ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯವೆಂದು ನಿಯಮವಿದ್ದು, ಪರವಾನಗಿ ಪಡೆದವರಿಗೇ ಒಪ್ಪಿಸಬೇಕು. ರಬ್ಬರಿನ ಚೂರು ಪುಡಿಯಾಗಿ ಮತ್ತೆ ಬಳಕೆಗೆ ಬರಬಹುದು. ಇಲ್ಲವೆ ಅನುಮತಿಯಿರುವ ಸಿಮೆಂಟ್ ಗೂಡುಗಳಲ್ಲಿ ಸುಮಾರು 1,450 ಡಿಗ್ರಿ ಕಾವಿನಲ್ಲಿ ಇಂಧನವಾಗಬಹುದು. ಬಯಲಿನ ಹೊಗೆಬೆಂಕಿಗೂ ಆ ಪ್ರಚಂಡ ಕಾವಿಗೂ ಅಜಗಜಾಂತರ.

ಎರಡು ಎಚ್ಚರಿಕೆಗಳು

ಯಂತ್ರ ಬಂದೊಡನೆ ಅಪಾಯ ತೊಲಗಿತೆಂದು ತಿಳಿಯಬಾರದು. ಮೊದಲನೆಯ ಎಚ್ಚರಿಕೆ ದುಡಿಯುವ ಕೈಗಳದು. 16 ಟನ್ ಬಲಕ್ಕೆ ಉಕ್ಕಿನ ಬಳೆಗೂ ಮನುಷ್ಯನ ಬೆರಳಿಗೂ ಭೇದ ತಿಳಿಯದು. ಆದುದರಿಂದ ಒಳ್ಳೆಯ ಯಂತ್ರಗಳಲ್ಲಿ ಎರಡು ಗುಂಡಿಗಳನ್ನು ದೂರ ದೂರ ಇಟ್ಟಿರುತ್ತಾರೆ. ಎರಡೂ ಕೈಗಳಿಂದ ಏಕಕಾಲಕ್ಕೆ ಒತ್ತಿದರೆ ಮಾತ್ರ ಅಲಗು ಇಳಿಯುತ್ತದೆ. ಹಾಗಾಗಿ ಕೈ ಅಲಗಿನ ಕೆಳಗೆ ಇರುವುದು ಸಾಧ್ಯವೇ ಇಲ್ಲ. ಕೆಲಸ ಬೇಗ ಸಾಗಲೆಂದು ಒಂದು ಗುಂಡಿಗೆ ಬೆಣೆ ಹೊಡೆದು ಸದಾ ಒತ್ತಿರುವಂತೆ ಮಾಡುವ ಜಾಣರೂ ಇದ್ದಾರೆ. ಅದು ಬೆರಳನ್ನು ಅಡವಿಟ್ಟು ನಿಮಿಷವನ್ನು ಕೊಂಡಂತೆ. ಸೀಳಿದಾಗ ಸಿಡಿಯುವ ತಂತಿಯ ಮುಳ್ಳಿನಿಂದ ಕಣ್ಣನ್ನು ಕಾಯಲು ಕನ್ನಡಕವೂ, ಮುಂದೆ ಜಾಲರಿಯ ತಡೆಯೂ ಬೇಕು. ಯಂತ್ರದಿಂದ ಪೈಪನ್ನು ಕಳಚುವಾಗ ಒತ್ತಡ ಪೂರ್ತಿ ಇಳಿದಿರಬೇಕು. ಸೂಜಿಮೊನೆಯಂಥ ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಭೇದಿಸಿ ಒಳಹೊಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಕೈಯನ್ನೇ ಕಳೆದುಕೊಳ್ಳುವ ಸಂಭವವಿರುವುದರಿಂದ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಯಂತ್ರದಿಂದ ಅಂದವಾಗಿ ಹೊರಬಂದ ಫಿಟಿಂಗನ್ನು ಕಂಡವರಿಗೆ ಅದನ್ನು ತೊಳೆದು, ಹೊಸ ಪೈಪಿಗೆ ತೊಡಿಸಿ ಮಾರೋಣವೆಂಬ ಆಸೆ ಹುಟ್ಟುವುದುಂಟು. ಒಮ್ಮೆ ಕ್ರಿಂಪ್ ಆದ ಫಿಟಿಂಗನ್ನು ಮತ್ತೆ ಬಳಸಬಾರದು. ಅದುಮಿದಾಗ ನಳಿಗೆಯೂ ತುಸು ಕುಗ್ಗಿರುತ್ತದೆ, ಗೀರುಗಳು ಸವೆದಿರುತ್ತವೆ. ಹೈಡ್ರಾಲಿಕ್ ಪೈಪು ಒಡೆಯದೆ ತಾಳಬೇಕಾದ ಒತ್ತಡವು ಅದು ದುಡಿಯುವ ಒತ್ತಡದ ನಾಲ್ಕು ಪಟ್ಟು ಇರಬೇಕೆಂಬುದು ವಾಡಿಕೆಯ ಮಾನಕ. ಹಳೆಯ ತುದಿ ತೊಡಿಸಿದ ಪೈಪಿಗೆ ಆ ಭರವಸೆಯಿಲ್ಲ. ಎತ್ತಿ ನಿಂತ ಟಿಪ್ಪರಿನ ಕೆಳಗೆ ಕೆಲಸ ಮಾಡುವವನ ಪ್ರಾಣ ಅಂಥದೊಂದು ತುದಿಯನ್ನು ನಂಬಿಕೊಂಡಿರಬಹುದು. ಆದುದರಿಂದ ಬಿಡಿಸಿದ ಕ್ರಿಂಪ್ ಫಿಟಿಂಗಿಗೆ ಒಂದೇ ಗತಿ, ಕುಲುಮೆ.

ಇದಕ್ಕೆ ಹೊರತಾದುದು ಅಗ್ನಿಶಾಮಕ ದಳದ ಪೈಪು. ಅದರ ತುದಿಯ ಜೋಡಣೆಯನ್ನು ತಾಮ್ರ, ತವರ, ಸತುಗಳ ಮಿಶ್ರಣವಾದ ಗನ್‌ಮೆಟಲ್ಲಿನಿಂದ ಎರಕಹೊಯ್ಯುವುದುಂಟು. ಅದನ್ನು ಪೈಪಿಗೆ ತಂತಿಯಿಂದ ಬಿಗಿಯಾಗಿ ಸುತ್ತಿ ಕಟ್ಟುತ್ತಾರೆ. ಬಟ್ಟೆ ರಬ್ಬರುಗಳ ಪೈಪು ಜೀರ್ಣವಾದರೂ ಲೋಹ ಗಟ್ಟಿಯಾಗಿರುತ್ತದೆ. ತಂತಿಯನ್ನು ಕತ್ತರಿಸಿ, ಜೋಡಣೆಯನ್ನು ಪರೀಕ್ಷಿಸಿ, ಹೊಸ ಪೈಪಿಗೆ ಕಟ್ಟಿ, ನೀರಿನ ಒತ್ತಡದಲ್ಲಿ ಪರಿಶೀಲಿಸಿದ ಮೇಲೆ ಮತ್ತೆ ಸೇವೆಗೆ ತೆಗೆದುಕೊಳ್ಳಬಹುದು. ಬಿಡಿಸುವ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೂಡಿಸಿದ್ದರ ಫಲವಿದು.

ನಮ್ಮ ಮನೆಗಳ ಪಾಲು

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ವಾಶ್‌ಬೇಸಿನ್ನಿನ ಕೆಳಗೆ ಬೆಳ್ಳಿಯ ಹೆಣಿಗೆಯಂತೆ ಹೊಳೆಯುವ ಕನೆಕ್ಷನ್ ಪೈಪು ಪ್ರತಿ ಮನೆಯಲ್ಲಿಯೂ ಉಂಟು. ಹೊರಗೆ ಸ್ಟೇನ್‌ಲೆಸ್ ಉಕ್ಕಿನ ತಂತಿ, ಒಳಗೆ ರಬ್ಬರು, ತುದಿಯಲ್ಲಿ ಬಹಳವಾಗಿ ಹಿತ್ತಾಳೆಯ ನಟ್ಟು. ಇದೂ ಅದುಮಿ ಕೂಡಿಸಿದ ಬಂಧವೇ. ತೋಟದ ಪೈಪು, ಔಷಧಿ ಸಿಂಪಡಿಸುವ ಪಂಪಿನ ಪೈಪು, ಸ್ನಾನಗೃಹದ ಕೈನಲ್ಲಿಯ ಪೈಪು ಇವೂ ಅದೇ ಬಳಗದವು. ಇವು ಹಾಳಾದಾಗ ಕಸದ ಬುಟ್ಟಿಗೆ ಎಸೆದರೆ ಎಲ್ಲಿಯೋ ಒಂದು ಬೆಂಕಿಯ ರಾಶಿಯನ್ನು ಸೇರುತ್ತವೆ. ಅದರ ಬದಲು ಒಂದು ಚೀಲದಲ್ಲಿ ಪ್ರತ್ಯೇಕವಾಗಿ ಕೂಡಿಡಬಹುದು. ತಿರುಪು ಕ್ಲಿಪ್ಪಿನ ತುದಿಗಳನ್ನು ಸ್ಕ್ರೂಡ್ರೈವರಿನಿಂದ ಮನೆಯಲ್ಲಿಯೇ ಬಿಚ್ಚಬಹುದು. ಹೊಳೆಯುವ ನಟ್ಟು ಯಾವ ಲೋಹದ್ದೆಂದು ತಿಳಿಯಬೇಕಾದರೆ ಅಯಸ್ಕಾಂತ ಹಿಡಿದು ನೋಡುವುದು, ಅರದಿಂದ ತುಸು ಉಜ್ಜಿ ನೋಡುವುದು. ಒಳಗೆ ಹಳದಿ ಕಂಡರೆ ಹಿತ್ತಾಳೆ. ಅಡುಗೆ ಅನಿಲದ ಸುರಕ್ಷಾ ಟ್ಯೂಬಿಗೆ ಇಂಥ ಲೋಹದ ತುದಿಯಿಲ್ಲವಾದರೂ, 5 ವರ್ಷಕ್ಕೊಮ್ಮೆ ಬದಲಿಸಿದಾಗ ಹಳೆಯದನ್ನು ತುಂಡು ತುಂಡು ಮಾಡಿ ಹಾಕುವುದು ಒಳಿತು. ಯಾರೂ ಮತ್ತೆ ಬಳಸದಂತಾಗುತ್ತದೆ.

ಗುಜರಿಯವನೊಡನೆ ಚೌಕಾಶಿ ಮಾಡುವ ತಾಯಂದಿರು ಒಂದು ಮಾತನ್ನು ಸೇರಿಸಿ ಕೇಳಲಿ: ‘ಇದನ್ನು ಸುಡ್ತೀಯೋ, ಬಿಡಿಸ್ತೀಯೋ?’ ಸುಡುವವನಿಗೆ ಹೆಚ್ಚಿನ ಬೆಲೆಗೂ ಕೊಡದೆ, ಬಿಡಿಸುವವನಿಗೆ ಒಂದು ರೂಪಾಯಿ ಕಡಿಮೆಗಾದರೂ ಕೊಟ್ಟರೆ ಅದರಿಂದ ಆಗುವ ಉಪಕಾರ ದೊಡ್ಡದು. ಜೆಸಿಬಿ, ಟಿಪ್ಪರು, ಕಬ್ಬಿನ ಯಂತ್ರಗಳನ್ನು ಇಟ್ಟುಕೊಂಡ ಗೃಹಸ್ಥರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಅವರ ಶೆಡ್ಡಿನ ಮೂಲೆಯಲ್ಲಿ ಬಿದ್ದ ಪೈಪುಗಳೇ ಈ ಯಂತ್ರಕ್ಕೆ ಮೊದಲ ಮೇವು. ಐಟಿಐ ಓದಿ ಕೆಲಸಕ್ಕಾಗಿ ಅಲೆಯುವ ತರುಣರು ನಾಲ್ಕಾರು ಮಂದಿ ಸೇರಿ ಇಂಥ ಯಂತ್ರವನ್ನು ಹೂಡಬಹುದು. ಸಣ್ಣ ಉದ್ಯಮಗಳಿಗೆ ಸಾಲ ಕೊಡಲೆಂದು 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಬಗ್ಗೆ ಹತ್ತಿರದ ಬ್ಯಾಂಕಿನಲ್ಲಿ ವಿಚಾರಿಸಬಹುದು. ಒಬ್ಬ ಗುಜರಿಯಂಗಡಿಯವನಿಗೆ ಭಾರವಾದ ಯಂತ್ರ ಹತ್ತು ಅಂಗಡಿಗಳವರಿಗೆ ಹಂಚಿದರೆ ಹಗುರವಾಗುತ್ತದೆ.

ಬೆಂಕಿಯಿಂದ ಬಿಡಿಸುವುದು ಬಿಡಿಸುವುದಲ್ಲ; ಅದು ಎರಡರಲ್ಲಿ ಒಂದನ್ನು ಕೊಲ್ಲುವುದು. ರಬ್ಬರು ಸತ್ತು ಲೋಹ ಉಳಿಯುತ್ತದೆ, ಸತ್ತ ರಬ್ಬರು ಹೊಗೆಯಾಗಿ ನೆರೆಮನೆಯನ್ನು ಹೊಗುತ್ತದೆ. ಎರಡನ್ನೂ ಉಳಿಸಿ ಬೇರೆಮಾಡುವುದೇ ನಿಜವಾದ ವಿಭಾಗ. ಒಂದು ಹಳೆಯ ಪೈಪಿನ ತುದಿಯಷ್ಟು ಚಿಕ್ಕ ವಸ್ತುವಿನಲ್ಲಿ ಈ ವಿವೇಕವನ್ನು ನಾವು ತೋರಿಸಿದರೆ, ಸಂಜೆಯ ಹೊತ್ತು ಊರ ಹೊರಗೆ ಏಳುವ ಕರಿಯ ಹೊಗೆಯ ಕಂಬಗಳಲ್ಲಿ ಒಂದಾದರೂ ಇಲ್ಲವಾಗುತ್ತದೆ.